ತನ್ನ ಬೆನ್ನು ತನಗೆ ಕಾಣದು: ಒಂದು ವೈಯಕ್ತಿಕ ವಿನ್ಯಾಸ ಜಾಲತಾಣದ ಪ್ರಕರಣ ಅಧ್ಯಯನ

ಈ ಪ್ರಕರಣದ ವಸ್ತು ನನ್ನದೇ ಜಾಲತಾಣ. ಜಾಲತಾಣಗಳನ್ನು ವಿನ್ಯಾಸಗೊಳಿಸುವ ಕೆಲಸವನ್ನು ಯಾವ ಸಂಸ್ಥೆಯ ಆಸರೆಯೂ ಇಲ್ಲದೆ ಒಬ್ಬನೇ ಮಾಡುತ್ತಿರುವ ನನಗೆ ಆ ತಾಣವೇ ನಾಮಫಲಕ, ಅದೇ ಮಾದರಿಗಳ ಕಪಾಟು, ಹೊಸ ಗ್ರಾಹಕರು ಬಂದು ತಟ್ಟುವ ಬಾಗಿಲೂ ಅದೇ. ಆ ಬಾಗಿಲು ಒಂದೂವರೆ ವರ್ಷ ಕಾಲ ಅರ್ಧ ಮುಚ್ಚಿಕೊಂಡಿತ್ತು ಎಂಬುದು ತಿಳಿದದ್ದು ಹಳೆಯ ಗ್ರಾಹಕರೊಬ್ಬರ ದೂರವಾಣಿ ಕರೆಯಿಂದ. "ಎರಡು ಸಲ ನಿಮ್ಮ ಫಾರಂ ತುಂಬಿ ಕಳಿಸಿದೆ, ನಿಮ್ಮಿಂದ ಮಾತೇ ಇಲ್ಲ. ಈ ಕೆಲಸ ಬಿಟ್ಟುಬಿಟ್ಟಿದ್ದೀರಿ ಅಂದುಕೊಂಡೆ" ಎಂದರು. ಅವರು ಫಾರಂ ಕಳುಹಿಸಿದಾಗಲೆಲ್ಲ ನನ್ನ ತಾಣ "ಧನ್ಯವಾದಗಳು, ನಿಮ್ಮ ಸಂದೇಶ ನಮಗೆ ತಲುಪಿದೆ" ಎಂದು ಹಸಿರು ಪಟ್ಟಿಯಲ್ಲಿ ತೋರಿಸಿತ್ತು. ನನಗೆ ತಲುಪಿರಲಿಲ್ಲ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳುವುದಾದರೆ, ತಾಣವು ಮೊದಲು, ತಾಣಗಳನ್ನು ಕಟ್ಟಿ ನಡೆಸಲು ಬಳಸುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿತ್ತು. ಅದಕ್ಕೆ ಜೋಡಿಸುವ ಹೆಚ್ಚುವರಿ ತುಣುಕುಗಳಾದ ಪ್ಲಗಿನ್‌ಗಳನ್ನು ವಾರ ವಾರವೂ ಪರಿಷ್ಕರಿಸುವ ರಗಳೆಯಿಂದ ಬೇಸತ್ತು ನಾನು ಅದನ್ನು ಸಿದ್ಧ ಎಚ್‌ಟಿಎಂಎಲ್ ಕಡತಗಳ ಸ್ಥಿರ ತಾಣವಾಗಿ ಬದಲಾಯಿಸಿದೆ. ಸ್ಥಿರ ಪುಟಗಳಿಗೆ ತಾವಾಗಿ ಸಂದೇಶ ಕಳುಹಿಸುವ ಶಕ್ತಿ ಇರುವುದಿಲ್ಲವಾದ್ದರಿಂದ ಸಂಪರ್ಕ ಫಾರಂಗೆಂದು ಬೇರೊಂದು ಸರ್ವರಿನಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದು ಇಟ್ಟೆ. ಮೂರು ಸಲ ಪರೀಕ್ಷಿಸಿದೆ, ಮೂರು ಸಲವೂ ಮೇಲ್ ಬಂತು. ಅಲ್ಲಿಗೆ ಅದನ್ನು ಮರೆತೆ.

ಫಾರಂ ಎಲ್ಲಿ ಕೆಟ್ಟಿತ್ತು

ಸ್ಕ್ರಿಪ್ಟಿನಲ್ಲಿ ನಾನು ಮಾಡಿದ್ದು ತೀರ ಸಹಜವಾಗಿ ಕಾಣುವ ಕೆಲಸ. ಫಾರಂ ತುಂಬಿದವರ ಇಮೇಲ್ ವಿಳಾಸವನ್ನೇ "ಕಳುಹಿಸಿದವರು" ಎಂಬ ಜಾಗದಲ್ಲಿ ಹಾಕಿದ್ದೆ. ಇನ್‌ಬಾಕ್ಸಿನಲ್ಲಿ ಅವರ ಹೆಸರೇ ಕಾಣುತ್ತದೆ, ಉತ್ತರಿಸುವ ಗುಂಡಿ ಒತ್ತಿದರೆ ನೇರವಾಗಿ ಅವರಿಗೇ ಹೋಗುತ್ತದೆ ಎಂಬುದು ಲೆಕ್ಕಾಚಾರ. ಆದರೆ ಮೇಲ್ ಸ್ವೀಕರಿಸುವ ಸರ್ವರಿನ ಕಣ್ಣಿಗೆ ಇದು ಬೇರೆಯೇ ಆಗಿ ಕಾಣುತ್ತದೆ: ಯಾರದೋ ವಿಳಾಸ ಹೊತ್ತ ಮೇಲ್ ಒಂದು ಆ ವಿಳಾಸಕ್ಕೆ ಸಂಬಂಧವೇ ಇಲ್ಲದ ಯಂತ್ರದಿಂದ ಬರುತ್ತಿದೆ, ಅಂದರೆ ಯಾರೋ ಸುಳ್ಳು ರುಜು ಹಾಕಿದ್ದಾರೆ. ಇದನ್ನು ಪತ್ತೆ ಹಚ್ಚುವುದಕ್ಕೆಂದೇ ಮೂರು ವ್ಯವಸ್ಥೆಗಳಿವೆ. ಒಂದು ಡೊಮೇನಿನ, ಅಂದರೆ ಇಮೇಲ್ ವಿಳಾಸದಲ್ಲಿ @ ಗುರುತಿನ ನಂತರ ಬರುವ ಹೆಸರಿನ, ಪರವಾಗಿ ಯಾವ ಸರ್ವರುಗಳು ಮೇಲ್ ಕಳುಹಿಸಬಹುದು ಎಂಬ ಪಟ್ಟಿಯನ್ನು ಎಸ್‌ಪಿಎಫ್ ಕೊಡುತ್ತದೆ. ಮೇಲಿನ ಮೇಲೆ ಡೊಮೇನಿನ ಗುಪ್ತ ರುಜುವನ್ನು ಡಿಕೆಐಎಂ ಹಾಕುತ್ತದೆ. ಇವೆರಡರಲ್ಲಿ ಒಂದಾದರೂ "ಕಳುಹಿಸಿದವರು" ಜಾಗದ ಡೊಮೇನಿಗೆ ಹೊಂದಿಕೆಯಾಗುತ್ತದೆಯೇ, ಆಗದಿದ್ದರೆ ಮೇಲನ್ನು ಬಿಡಬೇಕೇ, ಅನುಮಾನದ ಪೆಟ್ಟಿಗೆಗೆ ಹಾಕಬೇಕೇ, ತಿರಸ್ಕರಿಸಬೇಕೇ ಎಂದು ಡಿಮಾರ್ಕ್ ಹೇಳುತ್ತದೆ.

ದೋಷವು ಇಷ್ಟು ಕಾಲ ಅಡಗಿಕೊಂಡಿದ್ದಕ್ಕೆ ಕಾರಣವೂ ಇಲ್ಲಿಯೇ ಇದೆ. ಎಲ್ಲ ಡೊಮೇನುಗಳೂ ತಿರಸ್ಕಾರದ ನೀತಿಯನ್ನು ಘೋಷಿಸಿಲ್ಲ. ಆದ್ದರಿಂದ ಕೆಲವರ ಸಂದೇಶಗಳು ನೇರವಾಗಿ ಬರುತ್ತಿದ್ದವು, ಕೆಲವು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದ್ದವು, ಕಟ್ಟುನಿಟ್ಟಿನ ನೀತಿ ಇರುವ ಡೊಮೇನಿನವರದು ಮಾತ್ರ ಹೊಸ್ತಿಲಲ್ಲೇ ನಿಲ್ಲುತ್ತಿತ್ತು. ಸಂದೇಶಗಳು ಪೂರ್ತಿ ನಿಂತಿದ್ದರೆ ಒಂದೇ ವಾರದಲ್ಲಿ ಅನುಮಾನ ಬರುತ್ತಿತ್ತು. ಕಡಿಮೆಯಾದದ್ದನ್ನು ನಾನು ಕೆಲಸದ ಹಂಗಾಮು ತಣ್ಣಗಿದೆ ಎಂದು ಅರ್ಥೈಸಿಕೊಂಡೆ. ನನ್ನ ಪರೀಕ್ಷೆಗಳೆಲ್ಲ ಗೆದ್ದದ್ದಂತೂ ಇನ್ನೂ ಸರಳ ಕಾರಣಕ್ಕೆ. ಪರೀಕ್ಷಿಸುವಾಗ ಫಾರಂನಲ್ಲಿ ನನ್ನದೇ ಡೊಮೇನಿನ ವಿಳಾಸವನ್ನು ತುಂಬುತ್ತಿದ್ದೆ, ಆ ಡೊಮೇನಿನ ಪಟ್ಟಿಯಲ್ಲಿ ನನ್ನ ಸರ್ವರನ್ನು ಸೇರಿಸಿದ್ದವನೂ ನಾನೇ. ಪ್ರಶ್ನೆಪತ್ರಿಕೆಯೂ ನನ್ನದು, ಉತ್ತರವೂ ನನ್ನದು.

ಸರ್ವರಿನ ಮೇಲ್ ದಾಖಲೆಯನ್ನು ತೆರೆದಾಗ 550 ಎಂದು ಆರಂಭವಾಗುವ ಸಾಲುಗಳು ಒಂದರ ಕೆಳಗೊಂದು ಇದ್ದವು. ಮೇಲ್ ಭಾಷೆಯಲ್ಲಿ 5ರಿಂದ ಶುರುವಾಗುವ ಸಂಖ್ಯೆ ಎಂದರೆ ಶಾಶ್ವತ ನಿರಾಕರಣೆ. ಮತ್ತೆ ಪ್ರಯತ್ನಿಸಬೇಡ ಎಂದರ್ಥ. ಆ ನಿರಾಕರಣೆಯ ಪತ್ರಗಳು ವಾಪಸು ಹೋಗಬೇಕಾದ ವಿಳಾಸ ಸರ್ವರಿನ ಆಂತರಿಕ ಬಳಕೆದಾರನದು, ಆ ಹೆಸರಿನಲ್ಲಿ ಅಂಚೆಪೆಟ್ಟಿಗೆಯೇ ಇರಲಿಲ್ಲ. ಮೇಲನ್ನು ಸ್ಥಳೀಯ ಸಾಲಿಗೆ ಸೇರಿಸಿದ ಕೂಡಲೇ ಸ್ಕ್ರಿಪ್ಟ್ "ಯಶಸ್ವಿ" ಎಂದು ಉತ್ತರಿಸುತ್ತಿತ್ತು, ಅದನ್ನೇ ನಂಬಿ ಪುಟವು ಹಸಿರು ಪಟ್ಟಿಯನ್ನು ತೋರಿಸುತ್ತಿತ್ತು.

ದುರಸ್ತಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. "ಕಳುಹಿಸಿದವರು" ಜಾಗದಲ್ಲಿ ನನ್ನ ಡೊಮೇನಿನ ವಿಳಾಸ, "ಉತ್ತರ ಇಲ್ಲಿಗೆ" ಎಂಬ ಜಾಗದಲ್ಲಿ ಸಂದರ್ಶಕರ ವಿಳಾಸ. ಅದರ ಜೊತೆಗೆ, ಪ್ರತಿಯೊಂದು ಸಂದೇಶವನ್ನೂ ಮೊದಲು ಸರ್ವರಿನ ಒಂದು ಕಡತಕ್ಕೆ ಬರೆದು ಆಮೇಲೆ ಮೇಲ್ ಮಾಡುವಂತೆ ಬದಲಾಯಿಸಿದೆ. ಮೇಲ್ ಎಲ್ಲಿ ಕಳೆದುಹೋದರೂ ಮೂಲ ಉಳಿದಿರುತ್ತದೆ.

ಬೇರೆಯವರ ಕೈಯಲ್ಲಿ ನನ್ನ ತಾಣ

ಒಂದು ದೋಷ ಹೀಗೆ ನನ್ನಿಂದ ತಪ್ಪಿಸಿಕೊಂಡಿದ್ದರೆ ಅದೇ ಕಾರಣಕ್ಕೆ ಇನ್ನಷ್ಟು ತಪ್ಪಿಸಿಕೊಂಡಿರಬೇಕು ಎಂಬ ಊಹೆಯಿಂದ ಮುಂದಿನ ತಪಾಸಣೆ ಆರಂಭವಾಯಿತು. ನನ್ನ ತಾಣವನ್ನು ನಾನು ನೋಡುವುದು ದೊಡ್ಡ ಪರದೆಯಲ್ಲಿ, ವೇಗದ ಸಂಪರ್ಕದಲ್ಲಿ, ಪುಟದ ಚಿತ್ರಗಳೆಲ್ಲ ಮೊದಲೇ ಸಂಗ್ರಹವಾಗಿರುವ ಬ್ರೌಸರಿನಲ್ಲಿ. ಮೇಲಾಗಿ ಯಾವ ಪದವನ್ನು ಒತ್ತಿದರೆ ಏನು ತೆರೆಯುತ್ತದೆ ಎಂಬುದು ನನಗೆ ಬಾಯಿಪಾಠ. ಹಾಗಾಗಿ ಪರಿಚಯದ ಮೂವರನ್ನು ಕೂರಿಸಿ, ಅವರವರ ಮೊಬೈಲಿನಲ್ಲೇ ತಾಣವನ್ನು ತೆರೆಯಲು ಕೇಳಿಕೊಂಡೆ. "ನಿಮಗೊಂದು ತಾಣ ಮಾಡಿಸಬೇಕಾಗಿದೆ ಎಂದುಕೊಳ್ಳಿ, ಈ ಮನುಷ್ಯನನ್ನು ಕರೆಯಬಹುದೇ ಎಂದು ನೋಡಿ ಹೇಳಿ" ಎಂಬುದಷ್ಟೇ ಕೊಟ್ಟ ಕೆಲಸ. ನಡುವೆ ಬಾಯಿ ಹಾಕಬಾರದೆಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೆ. ಅದು ಅಂದುಕೊಂಡದ್ದಕ್ಕಿಂತ ಕಷ್ಟದ ಕೆಲಸ.

ಮೊದಲನೆಯವರು ಬಿಳಿ ಪರದೆಯನ್ನು ನೋಡುತ್ತ ಕುಳಿತರು, ಆಮೇಲೆ ಫೋನನ್ನು ಮೇಜಿನ ಮೇಲಿಟ್ಟು ನನ್ನ ಮುಖ ನೋಡಿದರು. ಎರಡನೆಯವರು ಒಂದು ಕೆಲಸದ ಶೀರ್ಷಿಕೆಯ ಮೇಲೆ ಹೆಬ್ಬೆರಳಿನಿಂದ ನಾಲ್ಕು ಸಲ ಒತ್ತಿದರು. ಆ ಶೀರ್ಷಿಕೆ ಕೊಂಡಿಯಾಗಿರಲಿಲ್ಲ. ಅದರ ಕೆಳಗೆ, ಬಲಮೂಲೆಯಲ್ಲಿದ್ದ ಸಣ್ಣ ಬಾಣದ ಗುರುತು ಮಾತ್ರ ಕೊಂಡಿ. ದೊಡ್ಡ ಪರದೆಯಲ್ಲಿ ಮೌಸ್ ಹೋದಾಗ ಆ ಬಾಣ ಮೆಲ್ಲನೆ ಜಾರಿ ಬಣ್ಣ ಬದಲಿಸುವುದನ್ನು ನಾನು ಎರಡು ದಿನ ಕುಳಿತು ತಿದ್ದಿದ್ದೆ. ಬೆರಳಿಗೆ ಮೌಸಿನ ಹಾಗೆ ಸುಳಿದಾಡುವ ಗುಣವಿಲ್ಲ. ಮೂರನೆಯವರು ಏನನ್ನೂ ಒತ್ತದೆ ಕೊನೆಯವರೆಗೆ ಸರಿಸಿ, "ಎಲ್ಲ ಚೆನ್ನಾಗಿದೆ, ಆದರೆ ಇವುಗಳಲ್ಲಿ ನೀವು ಮಾಡಿದ್ದು ಏನು?" ಎಂದು ಕೇಳಿದರು. ಆ ಪ್ರಶ್ನೆಗೆ ಮುಂದೆ ಬರುತ್ತೇನೆ.

ಬಿಳಿ ಪರದೆಯ ಕಾರಣವನ್ನು ಹುಡುಕುವುದು ಸುಲಭವಾಗಿತ್ತು. ಮುಖಪುಟದ ನೆತ್ತಿಯಲ್ಲಿ ನಾಲ್ಕು ಚಿತ್ರಗಳು ಸರದಿಯಲ್ಲಿ ಜಾರುವ ಪಟ್ಟಿಯಿತ್ತು. ಪ್ರತಿಯೊಂದು ಚಿತ್ರ 4000 ಪಿಕ್ಸೆಲ್ ಅಗಲ. ಸಾಮಾನ್ಯ ಮೊಬೈಲ್ ಪರದೆಯ ಅಗಲ, ಪುಟದ ರೂಪವನ್ನು ಹೇಳುವ ಭಾಷೆಯಾದ ಸಿಎಸ್‌ಎಸ್ ಲೆಕ್ಕದಲ್ಲಿ 360 ಪಿಕ್ಸೆಲ್, ಸಾಂದ್ರತೆ ಮೂರು ಪಟ್ಟು ಎಂದು ಹಿಡಿದರೂ 1080. ಅಂದರೆ ಅಗತ್ಯಕ್ಕಿಂತ ಅಗಲದಲ್ಲಿ ಸುಮಾರು ನಾಲ್ಕು ಪಟ್ಟು, ವಿಸ್ತೀರ್ಣದಲ್ಲಿ ಹದಿಮೂರು ಪಟ್ಟಿಗೂ ಮೇಲಾದ ಚಿತ್ರವನ್ನು, ಅದರಲ್ಲೂ ಕಣ್ಣಿಗೆ ಬೀಳದ ಉಳಿದ ಮೂರನ್ನೂ, ಪ್ರತಿಯೊಬ್ಬ ಸಂದರ್ಶಕನ ಮೇಲೆ ಹೇರುತ್ತಿದ್ದೆ. ಪುಟದ ಒಟ್ಟು ತೂಕ 4 ಎಂಬಿ. ಗೂಗಲ್‌ನ ಲೈಟ್‌ಹೌಸ್ ಎಂಬ ವೇಗ ಅಳೆಯುವ ಸಾಧನವು ಮೊಬೈಲ್ ಪರೀಕ್ಷೆಯಲ್ಲಿ ಸೆಕೆಂಡಿಗೆ 1.6 ಮೆಗಾಬಿಟ್ ವೇಗದ ನಿಧಾನ ಸಂಪರ್ಕವನ್ನು ಅನುಕರಿಸುತ್ತದೆ. 4 ಎಂಬಿ ಎಂದರೆ 32 ಮೆಗಾಬಿಟ್; ಬರೇ ಸಾಗಾಟಕ್ಕೇ 20 ಸೆಕೆಂಡು. ಪುಟದ ಅತಿ ದೊಡ್ಡ ಅಂಶ ಕಾಣಿಸಿಕೊಳ್ಳಲು ತಗಲುವ ಸಮಯ, ಅಂದರೆ ಎಲ್‌ಸಿಪಿ, 2.5 ಸೆಕೆಂಡಿನೊಳಗೆ ಇರಬೇಕೆಂಬುದು ಗೂಗಲ್ ಸೂಚಿಸುವ ಮಿತಿ. ಇದರ ಮೇಲೆ ನಾನೇ ಮಾಡಿಕೊಂಡಿದ್ದ ಇನ್ನೊಂದು ಎಡವಟ್ಟೂ ಇತ್ತು. ವೇಗ ಹೆಚ್ಚಲಿ ಎಂದು ಪುಟದ ಎಲ್ಲ ಚಿತ್ರಗಳಿಗೂ ತಡವಾಗಿ ಇಳಿಸಿಕೊಳ್ಳುವ ಲೇಜಿ ಗುಣವನ್ನು ಹಚ್ಚಿದ್ದೆ. ಪರದೆಯ ಕೆಳಗಿರುವ ಚಿತ್ರಗಳಿಗೆ ಅದು ಸರಿ, ನೆತ್ತಿಯ ಮೊದಲ ಚಿತ್ರಕ್ಕೂ ಹಚ್ಚಿದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದನ್ನೇ ಸಾಲಿನ ಹಿಂದಕ್ಕೆ ತಳ್ಳಿದಂತೆ.

ಜಾರುಪಟ್ಟಿಯನ್ನು ಕಿತ್ತುಹಾಕಿ ಒಂದೇ ಚಿತ್ರವನ್ನು ಇಟ್ಟುಕೊಂಡೆ. ಅದನ್ನು ಮೂರು ಅಳತೆಗಳಲ್ಲಿ, ಚಿತ್ರಗಳ ತೂಕ ಇಳಿಸುವ ವೆಬ್‌ಪಿ ರೂಪದಲ್ಲಿ ಸಿದ್ಧಪಡಿಸಿ, ಪರದೆಗೆ ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳಲು ಬಿಟ್ಟೆ. ಪ್ರತಿಯೊಂದು ಚಿತ್ರದ ಅಗಲ ಎತ್ತರಗಳನ್ನು ಎಚ್‌ಟಿಎಂಎಲ್‌ನಲ್ಲಿಯೇ ನಮೂದಿಸಿದ್ದರಿಂದ, ಚಿತ್ರ ಬರುವ ಮೊದಲೇ ಅದರ ಜಾಗ ಕಾದಿರಿಸಲ್ಪಟ್ಟು, ಓದುತ್ತಿದ್ದ ಸಾಲು ಥಟ್ಟನೆ ಕೆಳಕ್ಕೆ ಜಿಗಿಯುವುದು ನಿಂತಿತು. ಮುಖಪುಟದ ತೂಕ ಈಗ ಅರ್ಧ ಎಂಬಿಗೂ ಕಡಿಮೆ. ಜಾರುಪಟ್ಟಿ ಇಲ್ಲವಾದದ್ದನ್ನು ಇವತ್ತಿನವರೆಗೆ ಗಮನಿಸಿದವನು ನಾನೊಬ್ಬನೇ.

ಇಲ್ಲಿ ಅಳತೆಯ ಬಗ್ಗೆ ಒಂದು ಮಾತು ಹೇಳಬೇಕು. ಲೈಟ್‌ಹೌಸ್ ಕೊಡುವುದು ಪ್ರಯೋಗಶಾಲೆಯ ಅಂಕ. ನಿಜವಾದ ಬಳಕೆದಾರರ ಅನುಭವವನ್ನು ಕ್ರೋಮ್ ಬ್ರೌಸರಿನಿಂದ ಸಂಗ್ರಹಿಸುವ ಪ್ರತ್ಯೇಕ ವರದಿಯೊಂದಿದೆ. ಅದು 28 ದಿನಗಳ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, 75ನೇ ಶೇಕಡಾಂಕದ, ಅಂದರೆ ನೂರರಲ್ಲಿ 75 ಭೇಟಿಗಳು ಅದಕ್ಕಿಂತ ಕೆಟ್ಟದಾಗಿರದ, ಅನುಭವವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತದೆ. ಒತ್ತಿದ್ದಕ್ಕೆ ಪುಟ ಎಷ್ಟು ಬೇಗ ಸ್ಪಂದಿಸಿತು ಎಂಬುದನ್ನು ತಿಳಿಸುವ ಐಎನ್‌ಪಿ 2024ರ ಮಾರ್ಚ್‌ನಲ್ಲಿ ಮುಖ್ಯ ಅಳತೆಗಳ ಸಾಲಿಗೆ ಸೇರಿತು, ಅದರ ಮಿತಿ 200 ಮಿಲಿಸೆಕೆಂಡು. ಆದರೆ ಸಾಕಷ್ಟು ಸಂದರ್ಶಕರಿಲ್ಲದ ತಾಣ ಆ ವರದಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ನನ್ನದೂ ಕಾಣಿಸಲಿಲ್ಲ. ಒಬ್ಬನೇ ನಡೆಸುವ ಸಣ್ಣ ತಾಣಕ್ಕೆ ಅಂಕಿಸಂಖ್ಯೆಯ ಕನ್ನಡಿ ದೊರೆಯುವುದು ಕಷ್ಟ. ಮೂರು ಜನರ ಹೆಬ್ಬೆರಳನ್ನು ನೋಡುತ್ತ ಕೂರುವುದೇ ಅದರ ಬದಲಿ.

ಒತ್ತಕ್ಷರಗಳ ಪ್ರಸಂಗ

ತಾಣದ ಕನ್ನಡ ಪುಟಗಳಲ್ಲಿ ಸಿಕ್ಕಿದ ದೋಷ ಎಲ್ಲಕ್ಕಿಂತ ಹೆಚ್ಚು ನಾಚಿಕೆ ತಂದಿತು, ಏಕೆಂದರೆ ಅಕ್ಷರವಿನ್ಯಾಸವೇ ನನ್ನ ವಿಶೇಷವೆಂದು ಅದೇ ಪುಟದಲ್ಲಿ ಬರೆದುಕೊಂಡಿದ್ದೆ. ಮೂರನೆಯವರ ಫೋನಿನಲ್ಲಿ "ಶಾಸ್ತ್ರ" ಎಂಬ ಪದ ಬಿಡಿಬಿಡಿಯಾಗಿ, ಸಕಾರದ ಪಕ್ಕದಲ್ಲೊಂದು ಅರ್ಧಾಕ್ಷರದ ಗುರುತು, ಆಮೇಲೆ ಪೂರ್ತಿ ತಕಾರ, ಮತ್ತೊಂದು ಗುರುತು, ಕೊನೆಗೆ ರಕಾರ, ಹೀಗೆ ಒಡೆದ ಮಡಕೆಯಂತೆ ಕಾಣುತ್ತಿತ್ತು.

ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತಗಳನ್ನು ಕೊಡುವ ಯೂನಿಕೋಡಿನ ಕನ್ನಡ ಭಾಗದಲ್ಲಿ ಒತ್ತಕ್ಷರಗಳಿಗೆ ಬೇರೆ ಸಂಕೇತಗಳಿಲ್ಲ. ವ್ಯಂಜನ, ಅರ್ಧಾಕ್ಷರ ಚಿಹ್ನೆ, ಮತ್ತೊಂದು ವ್ಯಂಜನ ಎಂಬ ಸರಣಿಯನ್ನು ಫಾಂಟಿನೊಳಗಿನ ಜೋಡಣೆಯ ಕೋಷ್ಟಕಗಳು ನೋಡಿಕೊಂಡು ಒತ್ತಾಗಿ ಮಾರ್ಪಡಿಸುತ್ತವೆ. ಫಾಂಟ್ ಕಡತದ ತೂಕ ಇಳಿಸಲು ನಾನು ಬೇಡದ ಅಕ್ಷರಗಳನ್ನು ಕತ್ತರಿಸುವ ಸಾಧನವೊಂದನ್ನು ಬಳಸಿದ್ದೆ. ಕನ್ನಡದ ಸಂಕೇತಗಳನ್ನೆಲ್ಲ ಉಳಿಸಿಕೊಳ್ಳಬೇಕೆಂದು ಅದಕ್ಕೆ ಹೇಳಿದ್ದೆ, ಜೋಡಣೆಯ ಕೋಷ್ಟಕಗಳನ್ನು ಉಳಿಸಿಕೊಳ್ಳಬೇಕೆಂದು ಹೇಳಿರಲಿಲ್ಲ. ಸಾಮಾನುಗಳೆಲ್ಲ ಉಳಿದವು, ಜೋಡಿಸುವ ಕೈಪಿಡಿ ಹೋಯಿತು.

ಇದು ನನಗೆ ಕಾಣದೆ ಹೋದದ್ದಕ್ಕೆ ಕಾರಣ ಸಿಎಸ್‌ಎಸ್‌ನ ಒಂದು ಸಾಲು. ಫಾಂಟನ್ನು ಎಲ್ಲಿಂದ ತರಬೇಕೆಂಬ ಪಟ್ಟಿಯಲ್ಲಿ ಮೊದಲು ಲೋಕಲ್ ಎಂದು ಬರೆದಿದ್ದೆ, ಅಂದರೆ ಬಳಕೆದಾರರ ಯಂತ್ರದಲ್ಲಿ ಅದೇ ಫಾಂಟ್ ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ಮಾತ್ರ ಸರ್ವರಿನಿಂದ ತಾ ಎಂದರ್ಥ. ವಿನ್ಯಾಸಕನಾದ ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟು ಪೂರ್ಣ ರೂಪದಲ್ಲಿ ಸ್ಥಾಪನೆಯಾಗಿತ್ತು. ಕತ್ತರಿಸಿದ ಕಡತವನ್ನು ನನ್ನ ಬ್ರೌಸರ್ ಒಂದು ಸಲವೂ ಮುಟ್ಟಿರಲೇ ಇಲ್ಲ. ಲೋಕಲ್ ಸಾಲನ್ನು ತೆಗೆದೆ, ಕೋಷ್ಟಕಗಳ ಸಮೇತ ಫಾಂಟನ್ನು ಮತ್ತೆ ಸಿದ್ಧಪಡಿಸಿದೆ. ಕಡತ ತುಸು ದಪ್ಪವಾಯಿತು, ಆಗಲಿ. ಸಾಲುಗಳ ನಡುವಿನ ಅಂತರವನ್ನೂ ಇದೇ ಸಂದರ್ಭದಲ್ಲಿ ಅಕ್ಷರ ಗಾತ್ರದ 1.4 ಪಟ್ಟಿನಿಂದ 1.7 ಪಟ್ಟಿಗೆ ಏರಿಸಿದೆ, ರೋಮನ್ ಲಿಪಿಗೆ ಧಾರಾಳವೆನಿಸುವ ಅಂತರದಲ್ಲಿ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುತ್ತಿದ್ದವು.

ಬಣ್ಣದ ವಿಷಯ ಬೇಗ ಮುಗಿಯುತ್ತದೆ. ಬಿಳಿಯ ಮೇಲೆ #999999 ಎಂಬ ಬೂದುಬಣ್ಣದ ಅಕ್ಷರಗಳನ್ನು ನಾನು ನಾಜೂಕೆಂದು ಬಳಸಿದ್ದೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಅದರ ಹೊಳಪಿನ ವ್ಯತ್ಯಾಸ ಪ್ರಮಾಣ 2.85ಕ್ಕೆ 1, ಸಾಮಾನ್ಯ ಗಾತ್ರದ ಪಠ್ಯಕ್ಕೆ ತಾಣಗಳು ಎಲ್ಲರಿಗೂ ಬಳಸಲು ಬರಬೇಕೆಂಬ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ ಕೇಳುವುದು ಕನಿಷ್ಠ 4.5ಕ್ಕೆ 1. ಬಿಳಿಯ ಮೇಲೆ ಈ ಗಡಿಯನ್ನು ಕೂದಲೆಳೆಯಲ್ಲಿ ದಾಟುವ ಬೂದು #767676. ನಾನು ಇನ್ನೂ ಕಡುವಾದ #595959ಕ್ಕೆ ಹೋದೆ, ಅದರ ಪ್ರಮಾಣ 7ಕ್ಕೆ 1. ಬಿಸಿಲಿನಲ್ಲಿ ಫೋನ್ ಹಿಡಿದವರಿಗೆ ನಾಜೂಕು ಕಾಣುವುದಿಲ್ಲ, ಅಕ್ಷರ ಕಾಣಬೇಕು.

ಹಳೆಯ ವಿಳಾಸಗಳು

ವರ್ಡ್‌ಪ್ರೆಸ್‌ನಲ್ಲಿದ್ದಾಗ ನನ್ನ ಬರಹಗಳ ವಿಳಾಸದಲ್ಲಿ ವರ್ಷ, ತಿಂಗಳು ಇರುತ್ತಿದ್ದವು; ಹೊಸ ತಾಣದಲ್ಲಿ ಅವನ್ನು ಕಿರಿದುಗೊಳಿಸಿದೆ. ಒಳ್ಳೆಯ ವಿಳಾಸಗಳು ಬದಲಾಗುವುದಿಲ್ಲ ಎಂಬರ್ಥದ ಟಿಪ್ಪಣಿಯನ್ನು ವೆಬ್‌ನ ಜನಕ ಟಿಮ್ ಬರ್ನರ್ಸ್ ಲೀ 1998ರಲ್ಲೇ ಬರೆದಿದ್ದರು, ನಾನದನ್ನು ಓದಿಯೂ ಇದ್ದೆ. ಹಳೆಯ ವಿಳಾಸ ಕೇಳಿ ಬಂದವರನ್ನೆಲ್ಲ ಮುಖಪುಟಕ್ಕೆ ಸಾಗಿಸುವ ಒಂದೇ ನಿಯಮ ಬರೆದು ಕೈ ತೊಳೆದುಕೊಂಡಿದ್ದೆ. ಯಾವುದೋ ಒಂದು ಲೇಖನವನ್ನು ಹುಡುಕಿ ಬಂದವರಿಗೆ ಇದು ದಾರಿ ತೋರಿಸುವ ಕ್ರಮವಲ್ಲ. ಹುಡುಕುಯಂತ್ರಗಳೂ ಇಂಥ ಸಾಗಣೆಯನ್ನು ಪುಟ ಇಲ್ಲವಾದದ್ದಕ್ಕೆ ಸಮವೆಂದೇ ಪರಿಗಣಿಸುತ್ತವೆ. ನಾನು ಸದಾ ಮುಖಪುಟದಿಂದಲೇ ಒಳಹೊಕ್ಕುವವನಾದ್ದರಿಂದ ಹಿತ್ತಿಲ ಬಾಗಿಲುಗಳು ಕಳಚಿಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಸರ್ವರಿನ ದಾಖಲೆಯಿಂದ ಜನ ಇನ್ನೂ ಕೇಳುತ್ತಿರುವ ಹಳೆಯ ವಿಳಾಸಗಳನ್ನು ಹೆಕ್ಕಿ, ಪ್ರತಿಯೊಂದನ್ನೂ ಅದರ ಹೊಸ ಜಾಗಕ್ಕೆ 301 ಎಂಬ ಶಾಶ್ವತ ಸಾಗಣೆಯಿಂದ ಜೋಡಿಸಿದೆ. ಬೇಕೆಂದೇ ಅಳಿಸಿದ ಪುಟಗಳಿಗೆ 410, ಅಂದರೆ ಹೋಯಿತು, ಮರಳಿ ಬರುವುದಿಲ್ಲ ಎಂಬ ಉತ್ತರ. ಬೇಸರದ ಕೆಲಸ, ಒಂದು ಪೂರ್ತಿ ದಿನ ಹಿಡಿಯಿತು.

ಇವುಗಳಲ್ಲಿ ನೀವು ಮಾಡಿದ್ದು ಏನು?

ಈ ಪ್ರಶ್ನೆ ತಾಂತ್ರಿಕ ದೋಷಗಳೆಲ್ಲಕ್ಕಿಂತ ದೊಡ್ಡದಾಗಿತ್ತು. ತಾಣದಲ್ಲಿ ಇಪ್ಪತ್ತನಾಲ್ಕು ಕೆಲಸಗಳ ಚಿತ್ರಗಳಿದ್ದವು, ಪ್ರತಿಯೊಂದರ ಕೆಳಗೂ ಗ್ರಾಹಕರ ಹೆಸರು ಮತ್ತು "ವಿನ್ಯಾಸ, ಅಭಿವೃದ್ಧಿ" ಎಂಬ ಎರಡು ಪದ. ಚಿತ್ರ ನೋಡಿದ ಕೂಡಲೇ ಆ ಕೆಲಸದ ಹಿಂದಿನ ಜಗ್ಗಾಟ, ಕೈಬಿಟ್ಟ ನಕ್ಷೆಗಳು, ಕೊನೆಗೆ ಹೊಳೆದ ಉಪಾಯ ಎಲ್ಲ ನನ್ನ ಕಣ್ಣಮುಂದೆ ಬರುತ್ತಿತ್ತು. ಆ ನೆನಪನ್ನು ನಾನು ಪುಟದಲ್ಲೇ ಇರುವ ಮಾಹಿತಿ ಎಂದು ಭ್ರಮಿಸಿದ್ದೆ. ಹೊರಗಿನವರಿಗೆ ಅಲ್ಲಿದ್ದದ್ದು ಇಪ್ಪತ್ತನಾಲ್ಕು ಆಯತಗಳು ಮಾತ್ರ.

ಆರನ್ನು ಉಳಿಸಿ ಹದಿನೆಂಟನ್ನು ತೆಗೆದೆ. ತೆಗೆಯುವಾಗ ಅಂದವನ್ನು ಅಳತೆಯಾಗಿ ಇಟ್ಟುಕೊಳ್ಳಲಿಲ್ಲ. ಯಾವ ಕೆಲಸದ ಬಗ್ಗೆ ನಾನು ತೆಗೆದುಕೊಂಡ ಒಂದು ನಿರ್ಧಾರವನ್ನೂ ಅದರ ಕಾರಣವನ್ನೂ ಬರೆಯಬಲ್ಲೆನೋ ಅದು ಉಳಿಯಿತು. ಉದಾಹರಣೆಗೆ, ಒಂದು ತಾಣದ ಪಟ್ಟಿಯಲ್ಲಿ ಹನ್ನೊಂದು ಕೊಂಡಿಗಳಿದ್ದದ್ದನ್ನು ನಾಲ್ಕಕ್ಕೆ ಇಳಿಸಿದ್ದೆ. ಆ ಪುಟದಲ್ಲಿ ಈಗ ಅಂತಿಮ ಚಿತ್ರಕ್ಕಿಂತ ಮೇಲೆ ಹಳೆಯ ಪಟ್ಟಿ ಇದೆ, ಯಾವ ಕೊಂಡಿ ಯಾವುದರೊಳಗೆ ಸೇರಿತು ಎಂಬ ವಿವರಣೆ ಇದೆ, ಗ್ರಾಹಕರು ಒಪ್ಪದೆ ಉಳಿಸಿಕೊಂಡ ಒಂದು ಕೊಂಡಿಯ ಪ್ರಸ್ತಾಪವೂ ಇದೆ. ಇದನ್ನೆಲ್ಲ ಬರೆಯುವ ಮೊದಲು ಆಯಾ ಗ್ರಾಹಕರ ಲಿಖಿತ ಒಪ್ಪಿಗೆ ಪಡೆದೆ. ಒಬ್ಬರು ಒಪ್ಪಲಿಲ್ಲ, ಅವರ ಕೆಲಸವನ್ನು ಕೈಬಿಟ್ಟು ಬೇರೊಂದನ್ನು ಸೇರಿಸಿದೆ. ಪೂರ್ಣ ಪುಟದ ಚಿತ್ರಗಳನ್ನೂ ನನ್ನ ಬಳಿಯೇ ಕಾಪಿಟ್ಟಿದ್ದೇನೆ, ಏಕೆಂದರೆ ಆರರಲ್ಲಿ ಎರಡು ತಾಣಗಳನ್ನು ಅವುಗಳ ಮಾಲೀಕರು ಆಗಲೇ ಬದಲಾಯಿಸಿದ್ದರು, ನನ್ನ ಕೊಂಡಿ ಒತ್ತಿದವರು ಬೇರೆ ಯಾರದೋ ಕೈಕೆಲಸವನ್ನು ನೋಡುತ್ತಿದ್ದರು.

ಈ ಬದಲಾವಣೆಗಳಿಂದ ಕೆಲಸ ಹೆಚ್ಚಿತೇ ಎಂದು ಕೇಳಿದರೆ, ತಿಂಗಳಿಗೆ ಕೈಬೆರಳಿನಲ್ಲಿ ಎಣಿಸುವಷ್ಟು ವಿಚಾರಣೆಗಳು ಬರುವ ತಾಣದಲ್ಲಿ ಹೆಚ್ಚುಕಡಿಮೆಗೆ ಒಂದು ಕಾರಣವನ್ನು ಅಂಟಿಸುವುದು ಪ್ರಾಮಾಣಿಕತೆಯಾಗದು. ವಿಚಾರಣೆಗಳ ಧಾಟಿ ಮಾತ್ರ ಬದಲಾಗಿದೆ. ಮೊದಲು "ಒಂದು ತಾಣಕ್ಕೆ ಎಷ್ಟಾಗುತ್ತದೆ?" ಎಂಬ ಒಂದೇ ಸಾಲು ಬರುತ್ತಿತ್ತು, ಈಗ "ನಮ್ಮ ಪಟ್ಟಿಯಲ್ಲೂ ಕೊಂಡಿಗಳು ಹೀಗೇ ತುಂಬಿಕೊಂಡಿವೆ" ಎಂದು ಆರಂಭಿಸುವವರು ಇದ್ದಾರೆ.

ನಿರ್ವಹಣೆಯ ಕ್ರಮವನ್ನೂ ತಿದ್ದಿಕೊಂಡಿದ್ದೇನೆ. ತಿಂಗಳಿಗೊಮ್ಮೆ ಫಾರಂ ಪರೀಕ್ಷೆ ನಡೆಯುತ್ತದೆ, ಆದರೆ ಅದನ್ನು ನಾನು ಮಾಡುವುದಿಲ್ಲ. ಪರಿಚಯದ ಒಬ್ಬರು ಅವರ ಫೋನಿನಿಂದ, ಅವರ ವಿಳಾಸದಿಂದ ಕಳುಹಿಸುತ್ತಾರೆ. ಡೊಮೇನಿನ ನವೀಕರಣದ ದಿನವನ್ನು ಎರಡು ಕಡೆ ಗುರುತು ಹಾಕಿದ್ದೇನೆ.

ಮೇಲ್ ದಾಖಲೆಯಲ್ಲಿ ನಿರಾಕರಣೆಯಾದ ಸಂದೇಶಗಳ ಒಕ್ಕಣೆ ಇರಲಿಲ್ಲ, ಕಳುಹಿಸಿದವರ ವಿಳಾಸಗಳು ಕೆಲವು ಉಳಿದಿದ್ದವು. ಅವರಿಗೆಲ್ಲ ಕ್ಷಮೆ ಕೋರಿ, ನಡೆದದ್ದನ್ನು ವಿವರಿಸಿ ಪತ್ರ ಬರೆದೆ. ಹೆಚ್ಚಿನವರು ಉತ್ತರಿಸಲಿಲ್ಲ, ಅದು ನ್ಯಾಯವೇ. ಒಬ್ಬರು ತಮ್ಮ ಕೆಲಸ ಬೇರೆಯವರಿಂದ ಎಂದೋ ಮುಗಿಯಿತೆಂದು ತಿಳಿಸಿ, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದರು: "ಈಗಷ್ಟೇ ನಿಮ್ಮ ಫಾರಂ ಮತ್ತೆ ತುಂಬಿ ನೋಡಿದೆ, ಸಂದೇಶ ತಲುಪಿದೆ ಎಂದು ಅದು ಈಗಲೂ ಹೇಳುತ್ತಿದೆ." ಸ್ಕ್ರಿಪ್ಟನ್ನು ಸರಿಪಡಿಸಿದ್ದೆ, ಹಸಿರು ಪಟ್ಟಿಯ ವಾಕ್ಯವನ್ನು ಮುಟ್ಟಿರಲಿಲ್ಲ. ಆ ದಿನವೇ ಅದನ್ನು ಹೀಗೆ ಬದಲಾಯಿಸಿದೆ: "ನಿಮ್ಮ ಸಂದೇಶವನ್ನು ದಾಖಲಿಸಿಕೊಳ್ಳಲಾಗಿದೆ. ಎರಡು ದಿನಗಳಲ್ಲಿ ಉತ್ತರ ಬಾರದಿದ್ದರೆ ದಯವಿಟ್ಟು ಕೆಳಗಿನ ವಿಳಾಸಕ್ಕೆ ನೇರವಾಗಿ ಬರೆಯಿರಿ."